ಚುಕ್ಕೆ ಇಲ್ಲ, ಗಾಯ ಇಲ್ಲ, ಆದರೂ ಮೀನು ಸೊರಗುತ್ತಿದೆ: ಉಪ್ಪುನೀರಿನ ಅಕ್ವೇರಿಯಂನಲ್ಲಿ ಕಾಯಿಲೆ ಪತ್ತೆ ಹಚ್ಚುವ ಬಗೆ

ನಿನ್ನೆ ಸಂಜೆ ಊಟಕ್ಕೆ ಮುಗಿಬಿದ್ದ ಮೀನು ಇವತ್ತು ಬೆಳಿಗ್ಗೆ ಮೂಲೆ ಸೇರಿದೆ. ಮೈಮೇಲೆ ಚುಕ್ಕೆ ಇಲ್ಲ, ರೆಕ್ಕೆ ಹರಿದಿಲ್ಲ, ಕಣ್ಣು ಊದಿಲ್ಲ. ನೀರು ಪರೀಕ್ಷೆ ಮಾಡಿದರೆ ಎಲ್ಲ ಅಂಕಿಗಳೂ ಸರಿಯಾಗೇ ಇವೆ. ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗೆ ಒಂದಲ್ಲ ಒಂದು ದಿನ ಈ ಸ್ಥಿತಿ ಎದುರಾಗುತ್ತದೆ. ಆಗ ಕೈ ಮೊದಲು ಹೋಗುವುದು ಔಷಧಿ ಬಾಟಲಿಗೆ.

ದಯವಿಟ್ಟು ಸ್ವಲ್ಪ ತಡೆಯಿರಿ. ಮುಖ್ಯ ಟ್ಯಾಂಕ್‌ಗೆ ತಾಮ್ರದ ಔಷಧಿ ಬಿದ್ದರೆ ಸೀಗಡಿ, ಬಸವನಹುಳು, ಹವಳ ಉಳಿಯುವುದಿಲ್ಲ. ಕಲ್ಲು, ಮರಳು ಆ ತಾಮ್ರವನ್ನು ಹೀರಿಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತಾ ಇರುತ್ತವೆ. ಆಂಟಿಬಯಾಟಿಕ್ ಹಾಕಿದರೆ ಮೀನಿನ ತ್ಯಾಜ್ಯದಿಂದ ಬರುವ ವಿಷವಾದ ಅಮೋನಿಯಾವನ್ನು ಇಲ್ಲವಾಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬೀಳಬಹುದು. ಇದ್ದ ಕಾಯಿಲೆಯ ಜೊತೆ ಇನ್ನೊಂದು ತೊಂದರೆ ಸೇರಿಕೊಂಡು, ಯಾವುದು ಯಾವುದರಿಂದ ಬಂತು ಅಂತ ಗೊತ್ತೇ ಆಗದ ಹಾಗಾಗುತ್ತದೆ.

ಕಾರಣ ಗೊತ್ತಿಲ್ಲದ ಕಾಯಿಲೆಯಲ್ಲಿ ನಾವು ಮೈಮೇಲಿನ ಗುರುತು ಹುಡುಕುತ್ತಾ ಕೂರುತ್ತೇವೆ. ಆದರೆ ಅದಕ್ಕಿಂತ ಜಾಸ್ತಿ ಸುಳಿವು ಕೊಡುವುದು ಬೇರೆ ವಿಷಯಗಳು. ಯಾರ್ಯಾರಿಗೆ ತೊಂದರೆ ಆಗಿದೆ? ಎಷ್ಟು ಬೇಗ ಹರಡಿತು? ಮೀನು ಹೇಗೆ ಉಸಿರಾಡುತ್ತಿದೆ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದ ಹಾಗೆ.

ಯಾರ್ಯಾರಿಗೆ ತೊಂದರೆ?

ಮೊದಲು ಇಡೀ ಟ್ಯಾಂಕ್ ನೋಡಿ, ಕಾಯಿಲೆ ಬಿದ್ದ ಮೀನನ್ನಷ್ಟೇ ಅಲ್ಲ. ಸೀಗಡಿ ಓಡಾಡುತ್ತಿದೆಯಾ? ಬಸವನಹುಳುಗಳು ಗಾಜಿಗೆ ಅಂಟಿಕೊಂಡಿವೆಯಾ, ತಳಕ್ಕೆ ಬಿದ್ದಿವೆಯಾ? ಹವಳಗಳು ಬಿಚ್ಚಿಕೊಂಡಿವೆಯಾ?

ಮೀನು, ಸೀಗಡಿ, ಹವಳ ಎಲ್ಲವೂ ಒಂದೇ ಹೊತ್ತಿಗೆ ಸಪ್ಪಗಾಗಿದ್ದರೆ ಅದು ನೀರಿನ ತೊಂದರೆ. ಯಾವ ರೋಗವೂ ಇಷ್ಟು ಬೇರೆ ಬೇರೆ ಜಾತಿಯ ಜೀವಿಗಳನ್ನು ಒಂದೇ ರಾತ್ರಿಯಲ್ಲಿ ಹಿಡಿಯುವುದಿಲ್ಲ. ಹೀಟರ್ ಕೈಕೊಟ್ಟಿರಬಹುದು, ಲವಣಾಂಶ ಏರುಪೇರಾಗಿರಬಹುದು, ಹೊರಗಿನಿಂದ ವಿಷ ಸೇರಿರಬಹುದು. ಮೀನು ಆರಾಮಾಗಿದ್ದು ಸೀಗಡಿ, ಏಡಿ ಮಾತ್ರ ಸಾಯುತ್ತಿದ್ದರೆ ತಾಮ್ರ ಅಥವಾ ಕೀಟನಾಶಕದ ಮೇಲೆ ಅನುಮಾನ ಪಡಿ. ಕೋಣೆಯಲ್ಲಿ ಹೊಡೆದ ಜಿರಲೆ ಸ್ಪ್ರೇ, ಸೊಳ್ಳೆ ಸ್ಪ್ರೇ ಗಾಳಿಯ ಜೊತೆ ನೀರಿಗೆ ಇಳಿಯುತ್ತದೆ. ಕೀಟಗಳನ್ನು ಕೊಲ್ಲಲು ಮಾಡಿದ ಔಷಧಿಗೆ ಸೀಗಡಿಯೂ ಬಲಿಯಾಗುತ್ತದೆ, ಎರಡೂ ಹತ್ತಿರದ ಸಂಬಂಧಿಗಳು ತಾನೆ.

ಸೀಗಡಿ, ಹವಳ ಚೆನ್ನಾಗಿವೆ, ಆದರೆ ಮೀನುಗಳು ಒಂದಾದ ಮೇಲೊಂದು ಬೀಳುತ್ತಿವೆ ಅಂದರೆ ಮೀನಿಗೇ ಅಂಟುವ ಪರಾವಲಂಬಿ ಇರುವ ಸಾಧ್ಯತೆ ಜಾಸ್ತಿ. ಒಂದೇ ಒಂದು ಮೀನು ಸೊರಗಿ, ಅದರ ಪಕ್ಕದಲ್ಲಿರುವ ಮೀನುಗಳು ವಾರಗಟ್ಟಲೆ ಗಟ್ಟಿಮುಟ್ಟಾಗಿದ್ದರೆ ಜಗಳ, ಪೆಟ್ಟು, ಹೊಟ್ಟೆಯೊಳಗಿನ ಹುಳು, ವಯಸ್ಸು ಇವುಗಳ ಕಡೆ ನೋಡಬೇಕು.

ಇದಕ್ಕೆ ಒಂದು ಅಪವಾದ ಇದೆ. ಆಮ್ಲಜನಕ ಕಡಿಮೆಯಾದಾಗ ಮೊದಲು ಒದ್ದಾಡುವುದು ದೊಡ್ಡ, ಚುರುಕಾಗಿ ಈಜುವ ಮೀನುಗಳು. ಸೀಗಡಿ ಆಗಲೂ ನೆಮ್ಮದಿಯಾಗಿ ಇರಬಹುದು. ಉಪ್ಪುನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, ಸಮುದ್ರದ ನೀರು 7ಕ್ಕಿಂತ ಕಡಿಮೆ. ರಾತ್ರಿ ಪಾಚಿ ಮತ್ತು ಹವಳಗಳೂ ಅದನ್ನೇ ಬಳಸುತ್ತವೆ. ಹಾಗಾಗಿ ಬೆಳಗಿನ ಜಾವ ಏದುಸಿರು ಬಿಡುತ್ತಿದ್ದ ಮೀನು ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತಿದ್ದರೆ, ರೋಗ ಹುಡುಕುವ ಮೊದಲು ಪಂಪ್ ನೋಡಿ. ನೀರಿನ ಮೇಲ್ಮೈ ಅಲುಗಾಡುತ್ತಿರಬೇಕು. ಎಣ್ಣೆಯ ಪದರದ ಹಾಗೆ ಏನಾದರೂ ಕೂತಿದ್ದರೆ ತೆಗೆಯಿರಿ.

ಚುಕ್ಕೆ ಬಿಡಿ, ಉಸಿರು ನೋಡಿ

ಕೊಲ್ಲುವ ಪರಾವಲಂಬಿಗಳು ಮೊದಲು ಕೂರುವುದು ಹೆಚ್ಚಾಗಿ ಕಿವಿರಿನಲ್ಲಿ. ಅಲ್ಲಿ ಚರ್ಮ ತೆಳು, ರಕ್ತ ಹತ್ತಿರ, ನೀರು ಸದಾ ಹರಿಯುತ್ತಾ ಇರುತ್ತದೆ. ಕಿವಿರು ಮುಚ್ಚಳದ ಕೆಳಗೆ ಏನಾಗುತ್ತಿದೆ ಅನ್ನುವುದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಮೈಮೇಲೆ ಏನೂ ಇಲ್ಲದೆ ಮೀನು ಸಾಯುವುದಕ್ಕೆ ಇದೇ ದೊಡ್ಡ ಕಾರಣ.

ಅದಕ್ಕೇ ಕಿವಿರು ಮುಚ್ಚಳ ನಿಮಿಷಕ್ಕೆ ಎಷ್ಟು ಸಲ ತೆರೆದು ಮುಚ್ಚುತ್ತದೆ ಅಂತ ಎಣಿಸುವ ಅಭ್ಯಾಸ ಇರಲಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕು. ಜಾತಿಯಿಂದ ಜಾತಿಗೆ, ಗಾತ್ರದಿಂದ ಗಾತ್ರಕ್ಕೆ ಈ ಲೆಕ್ಕ ಬದಲಾಗುತ್ತದೆ. ಹಾಗಾಗಿ ಮೀನು ಚೆನ್ನಾಗಿದ್ದಾಗಲೇ ಎಣಿಸಿ ಬರೆದಿಟ್ಟುಕೊಳ್ಳಿ. ನನ್ನ ಮಟ್ಟಿಗೆ ಟೆಸ್ಟ್ ಕಿಟ್‌ಗಳೆಲ್ಲಕ್ಕಿಂತ ಬೆಲೆಬಾಳುವ ಅಂಕಿ ಇದು. ಮಾಮೂಲಿಗಿಂತ ಒಂದೂವರೆ, ಎರಡು ಪಟ್ಟು ಆಗಿದ್ದರೆ ನಾಳೆ ನೋಡೋಣ ಅನ್ನುವ ಮಾತೇ ಬೇಡ.

ಉಸಿರಾಟ ಜೋರಾದಾಗ ನಾನು ಮೊದಲು ಹೆದರುವುದು ವೆಲ್ವೆಟ್ ರೋಗಕ್ಕೆ. ಅಮೈಲೂಡಿನಿಯಂ ಅನ್ನುವ ಏಕಕೋಶ ಜೀವಿ ಬೇರಿನಂಥ ಎಳೆಗಳನ್ನು ಕಿವಿರಿಗೆ ಇಳಿಸಿ ಅಂಟಿಕೊಳ್ಳುತ್ತದೆ. ಕೆಲವೇ ದಿನ ತಿಂದು ಬಲಿತು, ಕಳಚಿಕೊಂಡು ತಳಕ್ಕೆ ಬೀಳುತ್ತದೆ. ಅಲ್ಲಿ ಒಡೆದು ಒಡೆದು 256ರವರೆಗೆ ಮರಿಗಳಾಗಿ ಈಜುತ್ತಾ ಹೊರಬರುತ್ತದೆ. ಆ ಲೆಕ್ಕದಲ್ಲಿ ಒಂದೆರಡು ಸುತ್ತು ಮುಗಿಯುವಷ್ಟರಲ್ಲಿ ಇಡೀ ಟ್ಯಾಂಕ್‌ನ ಮೀನು ಖಾಲಿ. ಮೈಮೇಲೆ ಈ ರೋಗದ ಗುರುತಾದ ಧೂಳಿನಂಥ ಪುಡಿ ಕಾಣಿಸುವ ಮೊದಲೇ ಸಾವು ಬರಬಹುದು.

ವೆಲ್ವೆಟ್ ಹಿಡಿದ ಮೀನಿನ ನಡವಳಿಕೆ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಹಳದಿ ಟ್ಯಾಂಗ್ ಮೀನೊಂದು ಪವರ್‌ಹೆಡ್‌ನ (ಟ್ಯಾಂಕ್‌ನೊಳಗೆ ನೀರು ತಳ್ಳುವ ಪಂಪ್‌ನ) ಬಾಯಿಗೆ ಮುಖ ಕೊಟ್ಟು ನಿಂತಿರುತ್ತದೆ. ನೀರಿನ ರಭಸಕ್ಕೆ ಎದುರಾಗಿ, ಒಂದೇ ಜಾಗದಲ್ಲಿ, ಗಂಟೆಗಟ್ಟಲೆ. ತಾನು ಬಾಯಿ ಆಡಿಸಿ ನೀರು ಎಳೆದುಕೊಳ್ಳುವ ಶಕ್ತಿ ಕಡಿಮೆಯಾಗಿದೆ, ಪಂಪ್ ಆ ನೀರನ್ನು ಕಿವಿರಿಗೆ ತಳ್ಳಿಕೊಡುತ್ತಿದೆ. ಊಟ ಹಾಕಿದರೆ ಒಂದು ಚೂರು ಬಾಯಿಗೆ ತೆಗೆದುಕೊಂಡು ಉಗುಳುತ್ತದೆ. ಲೈಟ್ ಹಾಕಿದರೆ ಕಲ್ಲಿನ ಹಿಂದೆ ಸರಿಯುತ್ತದೆ. ಲೈಟೆಲ್ಲ ಆರಿಸಿ, ಟಾರ್ಚ್ ಅನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ಬೆನ್ನಿನ ಮೇಲೆ, ರೆಕ್ಕೆಯ ಅಂಚಿನಲ್ಲಿ ಬಂಗಾರದ ಛಾಯೆಯ ನವಿರು ಪುಡಿ ಕಂಡರೆ ಅನುಮಾನವೇ ಬೇಡ. ಕಾಣದಿದ್ದರೂ ಈ ನಡವಳಿಕೆಯಷ್ಟೇ ಸಾಕು, ಆ ಮೀನನ್ನು ಅವತ್ತೇ ಬೇರೆ ಟ್ಯಾಂಕ್‌ಗೆ ತೆಗೆದು ತಾಮ್ರದ ಚಿಕಿತ್ಸೆ ಶುರು ಮಾಡಬಹುದು. ಮೊದಲೇ ಹೇಳಿದ ತಾಳ್ಮೆಗೆ ಇದೊಂದೇ ವಿನಾಯಿತಿ.

ಹೆಸರು ಸರಿಯಾಗಿ ಗೊತ್ತಾಗುವುದು ಯಾಕೆ ಮುಖ್ಯ

ಬಿಳಿ ಚುಕ್ಕೆ ರೋಗವನ್ನು ಎಲ್ಲರೂ ಇಕ್ ಅನ್ನುತ್ತಾರೆ. ಕ್ರಿಪ್ಟೊಕ್ಯಾರಿಯಾನ್ ಅನ್ನುವ ಜೀವಿಯಿಂದ ಬರುತ್ತದೆ. ಇದರ ಚುಕ್ಕೆ ಉಪ್ಪಿನ ಹರಳಿನಷ್ಟು ದಪ್ಪ, ಎಣಿಸಬಹುದು. ವೆಲ್ವೆಟ್‌ನ ಪುಡಿಯನ್ನು ಎಣಿಸಲು ಆಗುವುದಿಲ್ಲ. ಇಕ್ ಚರ್ಮದ ಮೇಲ್ಪದರದ ಕೆಳಗೆ ಕೂತು 3ರಿಂದ 7 ದಿನ ತಿನ್ನುತ್ತದೆ, ಆಮೇಲೆ ತಾನೇ ಕಳಚಿಕೊಂಡು ಕಲ್ಲು, ಮರಳಿನ ಮೇಲೆ ಗೂಡು ಕಟ್ಟುತ್ತದೆ. ಚುಕ್ಕೆ ಮಾಯವಾದ ಆ ದಿನ ನಾವು ಔಷಧಿ ಕೆಲಸ ಮಾಡಿತು ಅಂದುಕೊಳ್ಳುತ್ತೇವೆ. ಬೆಳ್ಳುಳ್ಳಿ ನೆನೆಸಿದ ಊಟ ಕೊಟ್ಟವರು ಬೆಳ್ಳುಳ್ಳಿಯಿಂದ ವಾಸಿಯಾಯಿತು ಅನ್ನುತ್ತಾರೆ. ನಿಜವಾಗಿ ಆಗಿದ್ದೇನು? ಶತ್ರು ಮನೆ ಬದಲಿಸಿದ, ಅಷ್ಟೇ. ಗೂಡು ಒಡೆದ ಮೇಲೆ ಮರಿಗಳು ಮತ್ತೆ ಮೀನು ಹುಡುಕಿಕೊಂಡು ಬರುತ್ತವೆ. ಈ ಸಲ ಚುಕ್ಕೆ ಜಾಸ್ತಿ. ಹೀಗೆ ಬಂದು ಹೋಗಿ ಮಾಡುವ ಚುಕ್ಕೆ ಇಕ್‌ನ ಗುರುತು. ಒಂದೇ ಜಾಗದಲ್ಲಿ ವಾರಗಟ್ಟಲೆ ಕದಲದೆ ಇರುವ ಬಿಳಿ ಗಂಟು ಬೇರೆ, ಅದು ಹೆಚ್ಚಾಗಿ ಲಿಂಫೋಸಿಸ್ಟಿಸ್ ಅನ್ನುವ ವೈರಸ್‌ನದ್ದು. ಅದಕ್ಕೆ ಔಷಧಿ ಇಲ್ಲ, ಒಳ್ಳೆಯ ಊಟ ಮತ್ತು ನೆಮ್ಮದಿ ಸಿಕ್ಕರೆ ಸಾಮಾನ್ಯವಾಗಿ ತಾನೇ ಹೋಗುತ್ತದೆ.

ಲವಣಾಂಶವನ್ನು 1.009ಕ್ಕೆ (ಇದು ಸಾದಾ ನೀರಿಗೆ ಹೋಲಿಸಿದ ಸಾಂದ್ರತೆಯ ಅಂಕಿ) ಇಳಿಸಿ ವಾರಗಟ್ಟಲೆ ಇಟ್ಟರೆ ಇಕ್ ಸಾಯುತ್ತದೆ, ವೆಲ್ವೆಟ್ ಸಾಯುವುದಿಲ್ಲ. ವೆಲ್ವೆಟ್ ಅನ್ನು ಇಕ್ ಅಂತ ತಪ್ಪಾಗಿ ತಿಳಿದು ಈ ದಾರಿ ಹಿಡಿದರೆ ಮೀನು ಉಳಿಯುವ ಮಾತೇ ಇಲ್ಲ. ಕ್ಲೌನ್ ಫಿಶ್‌ಗೆ ಬರುವ ಬ್ರೂಕ್ಲಿನೆಲ್ಲಾ ಅನ್ನುವ ಪರಾವಲಂಬಿ ಇನ್ನೊಂದು ಉದಾಹರಣೆ. ಮೈಯಿಂದ ಲೋಳೆ ಹಾಳೆ ಹಾಳೆಯಾಗಿ ಕಿತ್ತು ಬರುತ್ತದೆ, ಬಣ್ಣ ಮಂಕಾಗುತ್ತದೆ, ಒಂದೆರಡು ದಿನದಲ್ಲಿ ಮುಗಿದುಹೋಗುತ್ತದೆ. ಇದಕ್ಕೆ ತಾಮ್ರ ನಾಟುವುದಿಲ್ಲ. ಹಿಂದಿನಿಂದ ಬಳಕೆಯಲ್ಲಿರುವುದು ಫಾರ್ಮಲಿನ್ ಸ್ನಾನ. ಕ್ರೋಮಿಸ್ ಮೀನುಗಳ ಪಕ್ಕೆಯಲ್ಲಿ ಕೆಂಪು ಹುಣ್ಣು ಕಂಡರೆ ಯುರೊನೆಮಾ ಅನ್ನುವ ಪರಾವಲಂಬಿ ಅಂತ ಅನುಮಾನ ಪಡಬೇಕು. ಅದು ಮೀನಿಲ್ಲದೆಯೂ ಟ್ಯಾಂಕ್‌ನ ಕೊಳೆ ಮತ್ತು ಬ್ಯಾಕ್ಟೀರಿಯಾ ತಿಂದು ಬದುಕುತ್ತದೆ, ಹಾಗಾಗಿ ಟ್ಯಾಂಕ್ ಖಾಲಿ ಬಿಟ್ಟು ಓಡಿಸಲು ಆಗುವುದಿಲ್ಲ.

ಫ್ಲೂಕ್ ಅನ್ನುವ ಚಪ್ಪಟೆ ಹುಳುಗಳು ಮಾತ್ರ ಬಹಳ ಕಾಲ ಕಣ್ಣು ತಪ್ಪಿಸುತ್ತವೆ. ಮೀನಿನ ಮೈಮೇಲೆ ಇದ್ದರೂ ಪಾರದರ್ಶಕ. ಮೀನು ತಲೆ ಒದರುತ್ತದೆ, ಕಲ್ಲಿಗೆ ಮೈ ಉಜ್ಜುತ್ತದೆ, ಕಣ್ಣು ಸ್ವಲ್ಪ ಮಬ್ಬಾಗುತ್ತದೆ, ಬೇರೇನೂ ಕಾಣುವುದಿಲ್ಲ. ಇದನ್ನು ಪತ್ತೆ ಹಚ್ಚಲು ಸಿಹಿನೀರಿನ ಸ್ನಾನಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಕ್ಲೋರಿನ್ ತೆಗೆದ ಸಿಹಿನೀರನ್ನು ಕಪ್ಪು ಬಣ್ಣದ ಬಕೆಟ್‌ಗೆ ತುಂಬಿ. ಉಷ್ಣಾಂಶ ಮತ್ತು ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಟ್ಯಾಂಕ್‌ಗೆ ಸಮ ಇರಲಿ. ಪಿಎಚ್ ಏರಿಸಲು ಅಡುಗೆ ಸೋಡಾ ಸಾಕು. ಏರ್ ಸ್ಟೋನ್ ಹಾಕಿ ಗಾಳಿ ಆಡಿಸಿ, ಆಮೇಲೆ ಮೀನು ಬಿಡಿ. ಮೊದಲ ನಿಮಿಷ ಕೆಲವು ಮೀನುಗಳು ಅಡ್ಡ ಮಲಗುತ್ತವೆ, ಕೆಲವು ನೆಗೆಯುತ್ತವೆ. ಪಕ್ಕದಲ್ಲೇ ಇರಬೇಕು. 2ನೇ, 3ನೇ ನಿಮಿಷಕ್ಕೆ ಮೈಮೇಲೆ ಏನೂ ಇಲ್ಲದ ಕಡೆ ಬಿಳಿ ಮಚ್ಚೆಗಳು ಮೂಡಲು ಶುರುವಾಗುತ್ತವೆ. ಸಿಹಿನೀರಿಗೆ ಹುಳು ಬೆಂದ ಹಾಗಾಗಿ ಬಿಳುಪೇರುತ್ತದೆ, ಒಂದೊಂದೇ ಕಳಚಿ ಬಕೆಟ್‌ನ ಕಪ್ಪು ತಳಕ್ಕೆ ಇಳಿಯುತ್ತದೆ. 5 ನಿಮಿಷಕ್ಕೆ ಮೀನು ಹೊರಗೆ. ತಳದಲ್ಲಿ ಚಪ್ಪಟೆ ಬಿಳಿ ಚೂರುಗಳು ಬಿದ್ದಿದ್ದರೆ ಉತ್ತರ ಸಿಕ್ಕಿತು, ಮುಂದಿನ ಔಷಧಿ ಪ್ರಾಜಿಕ್ವಾಂಟೆಲ್. ಸ್ನಾನವೊಂದರಿಂದಲೇ ವಾಸಿಯಾಗುವುದಿಲ್ಲ, ಮೊಟ್ಟೆಗಳು ಟ್ಯಾಂಕ್‌ನಲ್ಲೇ ಉಳಿದಿರುತ್ತವೆ. ಮೀನು ಈಗಾಗಲೇ ತೀರಾ ನಿತ್ರಾಣವಾಗಿದ್ದರೆ ಮಾತ್ರ ಈ ಸ್ನಾನ ಬೇಡ.

ನೀರಿನ ಅಂಕಿ ಸರಿ ಇದೆ ಅಂದರೂ

ಟೆಸ್ಟ್ ಕಿಟ್ ತೋರಿಸುವುದು ಈ ಕ್ಷಣದ ನೀರನ್ನು. ಮೀನಿಗೆ ಪೆಟ್ಟು ಬಿದ್ದದ್ದು 3 ದಿನದ ಹಿಂದೆ ಆಗಿರಬಹುದು. ಹೊಸದಾಗಿ ತಂದ ಮೀನು ಒಂದು ವಾರದೊಳಗೆ ಯಾವ ಗುರುತೂ ಇಲ್ಲದೆ ಸತ್ತರೆ ನಾನು ಮೊದಲು ಕೇಳುವುದು ಅದನ್ನು ಟ್ಯಾಂಕ್‌ಗೆ ಬಿಟ್ಟ ಬಗೆಯನ್ನು.

ಚೀಲದಲ್ಲಿ ಬಹಳ ಹೊತ್ತು ಬಂದ ಮೀನಿನ ನೀರಲ್ಲಿ ಅಮೋನಿಯಾ ತುಂಬಿರುತ್ತದೆ. ಆದರೆ ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುತ್ತದೆ. ಪಿಎಚ್ ಕಡಿಮೆ ಇದ್ದಾಗ ಅಮೋನಿಯಾದ ಬಹುಪಾಲು ಅಷ್ಟೇನೂ ವಿಷವಲ್ಲದ ರೂಪದಲ್ಲಿ ಇರುತ್ತದೆ. ಚೀಲ ಬಿಚ್ಚಿದ ಕೂಡಲೇ ಅನಿಲ ಹೊರಗೆ ಹೋಗಿ ಪಿಎಚ್ ಏರುತ್ತದೆ. ಪಿಎಚ್ 1 ಅಂಕಿ ಏರಿದರೆ ವಿಷದ ರೂಪ ಹೆಚ್ಚುಕಡಿಮೆ 10 ಪಟ್ಟಾಗುತ್ತದೆ. ಆ ನೀರಿಗೆ ಗಂಟೆಗಟ್ಟಲೆ ಹನಿ ಹನಿಯಾಗಿ ಟ್ಯಾಂಕ್ ನೀರು ಬಿಡುತ್ತಾ ಕೂತರೆ ಮೀನು ಅಷ್ಟು ಹೊತ್ತೂ ವಿಷದಲ್ಲೇ ಇರುತ್ತದೆ. ಕಿವಿರು ಸುಟ್ಟಿರುತ್ತದೆ, ನಮಗೆ ಕಾಣುವುದಿಲ್ಲ. ಲವಣಾಂಶವೂ ಅಷ್ಟೇ. ಅಂಗಡಿಯ ಟ್ಯಾಂಕ್‌ಗಳಲ್ಲಿ ಹಲವು ಕಡೆ ಉಪ್ಪು ಕಡಿಮೆ ಇಟ್ಟಿರುತ್ತಾರೆ. ಅಲ್ಲಿಂದ ನೇರ 1.025ಕ್ಕೆ ಬಂದ ಮೀನು ಒಳಗಿನ ನೀರು ಕಳೆದುಕೊಳ್ಳುತ್ತದೆ. ಮೀನುಗಳು ಉಪ್ಪು ಇಳಿದರೆ ತಡೆದುಕೊಳ್ಳುವಷ್ಟು ಸುಲಭವಾಗಿ ಏರಿದರೆ ತಡೆದುಕೊಳ್ಳುವುದಿಲ್ಲ.

ಲವಣಾಂಶ ಅಳೆಯುವ ಸಾಧನವನ್ನೂ ಕಣ್ಣುಮುಚ್ಚಿ ನಂಬಬೇಡಿ. ಮುಳ್ಳು ಇರುವ ಹೈಡ್ರೋಮೀಟರ್‌ನಲ್ಲಿ ಮುಳ್ಳಿಗೆ ಗಾಳಿಗುಳ್ಳೆ ಅಂಟಿಕೊಂಡರೆ ಅದು ಮೇಲೇರಿ ಲವಣಾಂಶ ಜಾಸ್ತಿ ತೋರಿಸುತ್ತದೆ. ರಿಫ್ರ್ಯಾಕ್ಟೋಮೀಟರ್ ಅನ್ನು ಸಾದಾ ನೀರಿನಲ್ಲಿ ಸೊನ್ನೆಗೆ ಕೂರಿಸಿದರೆ ಸಾಲದು, ಸಾವಿರಕ್ಕೆ 35 ಪಾಲು ಉಪ್ಪಿನ ದ್ರಾವಣದಲ್ಲಿ ಸರಿಹೊಂದಿಸಬೇಕು. ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಬದಲಿಸಿದಾಗ ಬರುವ ನೈಟ್ರೈಟ್ ಬಗ್ಗೆ ಮಾತ್ರ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಮುದ್ರದ ನೀರಲ್ಲಿರುವ ಕ್ಲೋರೈಡ್ ಅದು ಕಿವಿರಿನ ಮೂಲಕ ಒಳಗೆ ಹೋಗುವುದನ್ನು ತಡೆಯುತ್ತದೆ.

ನೀರಿಗೆ ಕೈ ಹಾಕುವ ಮೊದಲು ಪ್ಲಗ್‌ಗಳನ್ನು ತೆಗೆಯಿರಿ. ಹೀಟರ್‌ನ ಗಾಜು ಬಿರುಕು ಬಿಟ್ಟಿದ್ದರೆ ಅಪಾಯ ಮೀನಿಗಷ್ಟೇ ಅಲ್ಲ.

ರೋಗವೇ ಅಲ್ಲದ್ದು, ಮತ್ತು ನಿಧಾನಕ್ಕೆ ಕರಗಿಸುವುದು

ರಾತ್ರಿ ಟ್ಯಾಂಗ್‌ಗಳ ಬಣ್ಣ ಮಸುಕಾಗಿ ಮಚ್ಚೆ ಮಚ್ಚೆಯಾಗುವುದು ಸಹಜ. ಕ್ಲೌನ್ ಫಿಶ್ ಓರೆಯಾಗಿ ಮಲಗುತ್ತದೆ. ಕೆಲವು ರಾಸ್ ಮೀನುಗಳು ಮರಳಲ್ಲಿ ಹೂತುಕೊಳ್ಳುತ್ತವೆ, ಕೆಲವು ಸುತ್ತಲೂ ಲೋಳೆಯ ಗೂಡು ಕಟ್ಟಿಕೊಂಡು ನಿದ್ದೆ ಮಾಡುತ್ತವೆ. ಲೈಟ್ ಹಾಕಿ ಅರ್ಧ ಗಂಟೆ ಆಗುವವರೆಗೆ ಯಾವ ತೀರ್ಮಾನಕ್ಕೂ ಬರಬೇಡಿ.

ಜಗಳವನ್ನು ಗುರುತಿಸುವುದು ಕಷ್ಟ, ಯಾಕೆಂದರೆ ನಾವು ಎದುರು ನಿಂತಾಗ ಮೀನುಗಳೆಲ್ಲ ಊಟದ ಆಸೆಗೆ ನಮ್ಮ ಕಡೆ ಬರುತ್ತವೆ. ಹೊಡೆದಾಟ ನಡೆಯುವುದು ನಾವಿಲ್ಲದಾಗ. ಮೊಬೈಲ್ ಅನ್ನು ಟ್ಯಾಂಕ್ ಮುಂದೆ ನಿಲ್ಲಿಸಿ ವಿಡಿಯೋಗೆ ಇಟ್ಟು ಹೊರಗೆ ಹೋಗಿಬಿಡಿ. ಒಂದು ಮೀನು ಸದಾ ಮೇಲಿನ ಮೂಲೆಯಲ್ಲೇ ನಿಂತಿದ್ದು, ಇನ್ನೊಂದು ಹಾದುಹೋದಾಗಲೆಲ್ಲ ರೆಕ್ಕೆ ಮುದುಡಿಕೊಂಡರೆ ಅದಕ್ಕೆ ಬೇಕಿರುವುದು ಔಷಧಿಯಲ್ಲ, ಬೇರೆ ಮನೆ. ಒಂದೇ ಕಣ್ಣು ಊದಿದ್ದರೂ ಹೆಚ್ಚಾಗಿ ಪೆಟ್ಟಿನಿಂದ. ಎರಡೂ ಊದಿದ್ದರೆ ಒಳಗಿನ ಸೋಂಕಿನ ಅನುಮಾನ.

ಚೆನ್ನಾಗಿ ತಿಂದರೂ ದಿನೇ ದಿನೇ ಸಣ್ಣಗಾಗುವ ಮೀನಿನ ಕಥೆ ಬೇರೆ. ಅದನ್ನು ಎದುರಿನಿಂದ ನೋಡಿ, ಪಕ್ಕದಿಂದಲ್ಲ. ತಲೆಯ ಹಿಂದೆ, ಬೆನ್ನಿನ ಎರಡೂ ಬದಿಯ ಮಾಂಸ ಇಳಿದು ಹಳ್ಳ ಬಿದ್ದಿರುತ್ತದೆ. ಮಲ ಬಿಳಿಯಾಗಿ, ದಾರದಂತೆ ಜೋತಾಡುತ್ತಿದ್ದರೆ ಕರುಳಿನಲ್ಲಿ ಪರಾವಲಂಬಿ ಇರಬಹುದು. ಇಂಥ ಮೀನಿಗೆ ನೀರಿಗೆ ಹಾಕುವ ಔಷಧಿಗಿಂತ ಊಟದಲ್ಲಿ ಬೆರೆಸಿ ಕೊಡುವುದೇ ಕೆಲಸ ಮಾಡುತ್ತದೆ. ಊಟ ಬಿಡುವ ಮೊದಲೇ ಇದನ್ನು ಗಮನಿಸಬೇಕು ಅನ್ನುವುದು ಇದರ ಕಷ್ಟ.

ಸತ್ತ ಮೀನನ್ನು ಎಸೆಯುವ ಮೊದಲು

ಮನಸ್ಸಿಗೆ ನೋವಾಗುತ್ತದೆ, ನಿಜ. ಆದರೂ ಉಳಿದ ಮೀನುಗಳ ಸಲುವಾಗಿ ನೋಡಲೇಬೇಕು, ಅದೂ ಬೇಗ. ಮೀನು ಸತ್ತ ಸ್ವಲ್ಪ ಹೊತ್ತಿಗೇ ಪರಾವಲಂಬಿಗಳು ಅದನ್ನು ಬಿಟ್ಟು ಹೊರಡುತ್ತವೆ. ಕಿವಿರು ಮುಚ್ಚಳ ಎತ್ತಿ. ಆರೋಗ್ಯವಾಗಿದ್ದರೆ ಕಡುಗೆಂಪು. ಬಿಳಿಚಿಕೊಂಡಿದ್ದರೆ, ಕಂದು ಬಣ್ಣಕ್ಕೆ ತಿರುಗಿದ್ದರೆ, ಲೋಳೆ ಮೆತ್ತಿಕೊಂಡಿದ್ದರೆ ತೊಂದರೆ ಅಲ್ಲೇ ಇತ್ತು. ಸತ್ತು ಹಲವು ಗಂಟೆ ಆಗಿದ್ದರೆ ಬಣ್ಣ ತಾನಾಗೇ ಬಿಳಿಚುತ್ತದೆ, ಆಗ ಈ ಪರೀಕ್ಷೆಗೆ ಅರ್ಥವಿಲ್ಲ.

ಶಾಲೆಯ ಮಟ್ಟದ ಸೂಕ್ಷ್ಮದರ್ಶಕ ಇದ್ದರೂ ಸಾಕು, 40ರಿಂದ 100 ಪಟ್ಟು ದೊಡ್ಡದಾಗಿ ತೋರಿಸಿದರೆ ಆಯಿತು. ಕಿವಿರಿನ ಒಂದು ಚೂರು ಕತ್ತರಿಸಿ, ಟ್ಯಾಂಕ್‌ನ ನೀರಿನ ಹನಿಯಲ್ಲೇ ಗಾಜಿನ ಮೇಲಿಡಿ. ಅಲುಗಾಡದೆ ಅಂಟಿಕೊಂಡಿರುವ ಕಪ್ಪು ಕಂದು ಉಂಡೆಗಳು ವೆಲ್ವೆಟ್. ನಿಧಾನಕ್ಕೆ ಉರುಳುವ ದುಂಡನೆಯದು ಇಕ್. ಹುರುಳಿಕಾಳಿನ ಆಕಾರದಲ್ಲಿ ಜಾರುತ್ತಾ ಹೋಗುವುದು ಬ್ರೂಕ್ಲಿನೆಲ್ಲಾ. ಸಣ್ಣಗೆ, ನೀಳವಾಗಿ, ಗುರಿಯಿಲ್ಲದೆ ವೇಗವಾಗಿ ಓಡುವುದು ಯುರೊನೆಮಾ.

ಇಷ್ಟೆಲ್ಲ ನೋಡಿದ ಮೇಲೂ ಉತ್ತರ ಸಿಗದೆ ಇರಬಹುದು. ಆಗ ಮುಖ್ಯ ಟ್ಯಾಂಕ್‌ನಲ್ಲಿ ಕಾಲು ಭಾಗ ನೀರು ಬದಲಿಸಿ, ತೊಳೆದ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಗಾಳಿ ಹೆಚ್ಚಿಸಿ. ವಿಷ ಇದ್ದರೆ ಅಷ್ಟಕ್ಕೇ ಸುಧಾರಣೆ ಕಾಣುತ್ತದೆ. ಕಾಯಿಲೆ ಮೀನನ್ನು ಕಲ್ಲು, ಮರಳು ಇಲ್ಲದ ಬರಿ ಟ್ಯಾಂಕ್‌ಗೆ ಸ್ಥಳಾಂತರಿಸಿ, ಅಡಗಲು ಪಿವಿಸಿ ಪೈಪ್ ತುಂಡು ಕೊಡಿ. ಅಲ್ಲಿ ತಾಮ್ರ ಬಳಸುವುದಾದರೆ ಆ ಔಷಧಿಗೆ ಹೊಂದುವ ಕಿಟ್‌ನಲ್ಲಿ ಪ್ರಮಾಣ ನೋಡುತ್ತಿರಿ. ಬೇರೆ ಬೇರೆ ತಾಮ್ರದ ಔಷಧಿಗಳ ಪ್ರಮಾಣ ಬೇರೆ ಬೇರೆ. ಅಮೋನಿಯಾ ಕಟ್ಟಿಹಾಕುವ ದ್ರಾವಣವನ್ನು ತಾಮ್ರದ ಜೊತೆ ಸೇರಿಸಬೇಡಿ, ತಾಮ್ರ ಇನ್ನಷ್ಟು ವಿಷವಾಗಬಹುದು. ಅಮೋನಿಯಾ ಏರಿದರೆ ನೀರು ಬದಲಿಸಿ.

ಇಕ್ ಅಂತ ಖಚಿತವಾದರೆ ಎಲ್ಲ ಮೀನುಗಳನ್ನೂ ಹೊರಗೆ ತೆಗೆದು ಮುಖ್ಯ ಟ್ಯಾಂಕ್ ಅನ್ನು ಮೀನಿಲ್ಲದೆ ಬಿಡಬೇಕು. ಅದರ ಗೂಡು 72 ದಿನದವರೆಗೂ ಒಡೆಯದೆ ಉಳಿದದ್ದು ದಾಖಲಾಗಿರುವುದರಿಂದ 76 ದಿನ ಬಿಡುವುದು ರೂಢಿ. ಈ ದಿನಗಳನ್ನು ಕೊನೆಯ ಚುಕ್ಕೆ ಕಂಡ ದಿನದಿಂದ ಎಣಿಸಬೇಡಿ. ಕೊನೆಯ ಮೀನು ಟ್ಯಾಂಕ್‌ನಿಂದ ಹೊರಬಂದ ದಿನದಿಂದ ಎಣಿಸಿ. ಆ ಟ್ಯಾಂಕ್‌ನಲ್ಲಿ ಅದ್ದಿದ ಬಲೆ, ಬಕೆಟ್, ಒದ್ದೆ ಕೈ ಯಾವುದನ್ನೂ ಒಣಗಿಸದೆ ಇನ್ನೊಂದು ಟ್ಯಾಂಕ್‌ಗೆ ಹಾಕಬೇಡಿ.